‘ಇಮ್ಮೀಡಿಯಟ್ಲಿ’ ಎಂದರೆ ಎಷ್ಟು ದಿನ?

ಇಂಗ್ಲಿಷಿನಲ್ಲಿ ನನಗೆ ಕಂಡರಾಗದ ಮಾತೊಂದಿದೆ. ಅದೇ ಭಾಷೆ ಕಲಿಸಿ ಹೊಟ್ಟೆ ಹೊರೆದುಕೊಂಡವಳು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ. ಆ ಮಾತು ‘ಇಮ್ಮೀಡಿಯಟ್ಲಿ’. ಮಕ್ಕಳಿಗೆ ಅದರ ಅರ್ಥ ಬರೆಸುವಾಗ ‘ತಕ್ಷಣ’ ಎಂದು ಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆದು ಅವರ ಕಡೆ ತಿರುಗುವಾಗ, ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಮುಖ ಮಾಡಿಕೊಳ್ಳುತ್ತಿದ್ದೆನೋ ಏನೋ. ಆ ಮಾತಿನ ನಿಜವಾದ ಅಳತೆ ನನಗೆ ಗೊತ್ತಿತ್ತು. ಒಂದು ಸಲ ಅದು ಐವತ್ಮೂರು ದಿನ ಆಗಿತ್ತು.

ಎಪ್ಪತ್ತರ ದಶಕದ ಮೊದಲ ಭಾಗ. ನಾನು ರಾಮದುರ್ಗದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಗಂಡ ಬೈಲಹೊಂಗಲದಲ್ಲಿ, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ನಮಗೊಬ್ಬಳು ಮಗಳು. ನನಗೆ ನೌಕರಿ ಸಿಕ್ಕಾಗ ಅವಳಿಗೆ ಒಂದೂವರೆ ವರ್ಷ. ರಾಮದುರ್ಗದಲ್ಲಿ ಒಂದು ಕೋಣೆ ಹಿಡಿದು, ದಿನವಿಡೀ ಸಾಲೆಯಲ್ಲಿದ್ದು, ಕೂಸನ್ನು ಯಾರ ಕೈಯಲ್ಲಿ ಕೊಡಲಿ? ಬೈಲಹೊಂಗಲದ ಮನೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಇದ್ದರು. ಎರಡು ಗಂಡುಮಕ್ಕಳ ತಾಯಿ, ಗಟ್ಟಿ ಹೆಂಗಸು. “ಬಿಟ್ಟು ಹೋಗ ಯವ್ವಾ, ಎರಡಿದ್ದಲ್ಲಿ ಮೂರು” ಎಂದರು. ಬಿಟ್ಟು ಹೋದೆ.

ಶನಿವಾರ ಬೆಳಗಿನ ಸಾಲೆ ಬಿಟ್ಟ ಕೂಡಲೇ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆ. ರಾಮದುರ್ಗದಿಂದ ಸವದತ್ತಿ, ಅಲ್ಲಿ ಇಳಿದು ಕಾದು ಇನ್ನೊಂದು ಬಸ್ಸು, ಮುರಗೋಡದಲ್ಲಿ ಡ್ರೈವರನ ಚಹಾ, ಆಮೇಲೆ ಬೈಲಹೊಂಗಲ. ಹುಣ್ಣಿಮೆ ಇದ್ದರೆ ಸವದತ್ತಿಯಲ್ಲಿ ಗುಡ್ಡದ ದೇವಿಯ ದರ್ಶನಕ್ಕೆ ಹೋಗುವವರ ಗದ್ದಲದಲ್ಲಿ ಒಂದು ಕಾಲಿಡಲೂ ಜಾಗ ಇರುತ್ತಿರಲಿಲ್ಲ. ನಾನು ಓಣಿಗೆ ಕಾಲಿಟ್ಟರೆ ಕಟ್ಟೆಯ ಮೇಲೆ ಆಡುತ್ತಿದ್ದ ನೆರೆಮನೆಯ ಹುಡುಗಿಯರು “ಅಕ್ಕೋರು ಬಂದ್ರು, ಅಕ್ಕೋರು ಬಂದ್ರು” ಎಂದು ಕೂಗುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೆಸರು. ಮಗಳು ಮೊದಮೊದಲು ಓಡಿ ಬರುತ್ತಿದ್ದಳು. ಎರಡನೆಯ ವರ್ಷದ ಹೊತ್ತಿಗೆ ದೊಡ್ಡವ್ವನನ್ನೇ ‘ಅವ್ವ’ ಎನ್ನತೊಡಗಿದ್ದಳು. ನನಗೆ ‘ಸಾಲಿ ಅವ್ವ’ ಎಂದು ಬೇರೆ ಹೆಸರಿಟ್ಟಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ತಿರುಗಿ ಹೋಗುವ ಬಸ್ಸಿನಲ್ಲಿ ಮಾತ್ರ ನಗು ಬರುತ್ತಿರಲಿಲ್ಲ.

ಒಂದು ಭಾನುವಾರ ನೆಗೆಣ್ಣಿ ನನ್ನ ಚೀಲಕ್ಕೆ ರೊಟ್ಟಿ ಕಟ್ಟಿ ಇಡುತ್ತ ತಲೆ ಎತ್ತದೆ ಹೇಳಿದರು: “ಏನರ ಮಾಡಿ ವರ್ಗಾ ಮಾಡಿಸ್ಕೊಂಡು ಲಗೂನ ಬಾ ಯವ್ವಾ. ಕೂಸು ಬೆಳಿಯಾಕ ಹತ್ತೈತಿ. ನಾಳೆ ನಿನ್ನ ಗುರ್ತ ಹಿಡೀಲಿಲ್ಲ ಅಂದ್ರ ನನ್ನ ಮ್ಯಾಲ ಬರಬ್ಯಾಡ.” ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಸಂಜೆಯ ತನಕ ಸಿಟ್ಟಿನಲ್ಲಿದ್ದೆ.

ಅರ್ಜಿ ಹಾಕಿ ಹಾಕಿ ಕೈ ಸೋತಿತ್ತು. ಕಡೆಗೆ ಒಂದು ಸಂಕ್ರಾಂತಿ ಮುಗಿದ ವಾರ ಆರ್ಡರು ಬಂತು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಜಾಗ ಖಾಲಿಯಾಗಿದೆ, ಈ ಶಿಕ್ಷಕಿಯನ್ನು ‘ಇಮ್ಮೀಡಿಯಟ್ಲಿ’ ಬಿಡುಗಡೆ ಮಾಡತಕ್ಕದ್ದು, ಅವಳು ‘ಇಮ್ಮೀಡಿಯಟ್ಲಿ’ ಹಾಜರಾಗತಕ್ಕದ್ದು. ನಾಲ್ಕು ಸಾಲಿನ ಪತ್ರದಲ್ಲಿ ಎರಡು ಸಲ. ನಾನು ಅದನ್ನು ಓದಿ, ಎದೆಗೆ ಒತ್ತಿಕೊಂಡು, ಅಂದೇ ಟ್ರಂಕು ತೆಗೆದು ಸೀರೆ ಮಡಿಚಿ ಇಟ್ಟೆ. ಅಷ್ಟು ಹುಚ್ಚಿಯಾಗಿದ್ದೆ ನಾನು.

ಆರ್ಡರು ಹಿಡಿದು ದೊಡ್ಡ ಅಕ್ಕೋರ ಕೋಣೆಗೆ ಹೋದೆ. ನಮ್ಮ ಹೆಡ್‌ಮಿಸ್ಟ್ರೆಸ್ಸನ್ನು ಹಾಗೆಂದೇ ಕರೆಯುತ್ತಿದ್ದೆವು. ನಿಧಾನದ ಹೆಂಗಸು. ಸಿಟ್ಟಿಗೆದ್ದವರನ್ನು ಇನ್ನಷ್ಟು ಸಿಟ್ಟಿಗೆಬ್ಬಿಸುವ ಸಮಾಧಾನ ಅವರದು. ಕನ್ನಡಕ ಒರೆಸಿ, ಹಾಕಿಕೊಂಡು, ಎರಡು ಸಲ ಓದಿದರು.

“ಭಾಳ ಛಲೋ ಆತ್ರಿ. ಚಾರ್ಜ್ ಕೊಟ್ಟು ಹೋಗ್ರಿ.”

“ಇಮ್ಮೀಡಿಯಟ್ಲಿ ಅಂತ ಐತ್ರಿ ಅಕ್ಕೋರ.”

“ಹೌದಲ್ರಿ, ಅದಕ್ಕ ಇಮ್ಮೀಡಿಯಟ್ಲಿ ಚಾರ್ಜ್ ಕೊಡ್ರಿ ಅಂತೀನಿ.”

ಈ ಚಾರ್ಜಿನ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸಾಲೆಯ ಮೇಜು, ಕುರ್ಚಿ, ಗಂಟೆ, ನಕಾಶೆಗಳೆಲ್ಲ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಬರೆದಿರುತ್ತವೆ. ಒಂದೊಂದು ಕಪಾಟು ಒಬ್ಬೊಬ್ಬ ಶಿಕ್ಷಕಿಯ ವಶ. ಹೋಗುವವಳು ಎಣಿಸಿ ಕೊಡಬೇಕು, ಬರುವವಳು ಎಣಿಸಿ ತಗೊಳ್ಳಬೇಕು. ನಿಯಮ ಹೀಗೆ. ಆದರೆ ನಮ್ಮ ಸೀಮೆಯಲ್ಲಿ ಯಾರೂ ಎಣಿಸುವುದಿಲ್ಲ. ನಿವೃತ್ತಿಯಾಗಿ, ಕೊರಳಲ್ಲಿ ಹಾರ ಹಾಕಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ನಿಂತ ಹಿರಿಯಳ ಮುಂದೆ ಕುಳಿತು, “ಒಂದು, ಎರಡು, ಮೂರು” ಎಂದು ಎಣಿಸಿದರೆ ಅವಳನ್ನು ಕಳ್ಳಿ ಎಂದ ಹಾಗೆ. ಅದಕ್ಕೇ ‘ಎಲ್ಲ ಬರೋಬ್ಬರಿ ಇದೆ’ ಎಂದು ಬರೆದು ಸಹಿ ಹಾಕಿ ನಮಸ್ಕಾರ ಮಾಡುವುದು ನಮ್ಮ ಮರ್ಯಾದೆ. ನಾನು ಬಂದ ವಾರವೇ ನಿವೃತ್ತರಾದ ಮುನವಳ್ಳಿಯ ಅಕ್ಕೋರಿಂದ ಕಪಾಟಿನ ಚಾರ್ಜು ತಗೊಂಡಾಗ ನಾನೂ ಹಾಗೆಯೇ ಸಹಿ ಹಾಕಿದ್ದೆ. ಆ ದಿನ ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದರು.

ಎರಡು ವರ್ಷದ ಮೇಲೆ ಎಣಿಸಿದರೆ ಹದಿನೇಳನೆಯ ಸಾಮಾನು ಇಲ್ಲ. ‘ನಕಾಶೆ, ಅರಿವೆ ಅಂಟಿಸಿದ್ದು, ಮುಂಬಯಿ ಇಲಾಖೆ, ಒಂದು.’ ಆ ಇಲಾಖೆಯೇ, ಅಂದರೆ ಬ್ರಿಟಿಷರ ಕಾಲದ ಆ ಪ್ರಾಂತ್ಯವೇ, ಅಳಿದು ಎಷ್ಟೋ ವರ್ಷವಾಗಿತ್ತು. ರಾಮದುರ್ಗ, ಬೈಲಹೊಂಗಲ, ಕಿತ್ತೂರು ಎಲ್ಲ ಮೈಸೂರು ರಾಜ್ಯಕ್ಕೆ ಸೇರಿ ಮಕ್ಕಳು ಬೇರೆ ನಕಾಶೆ ಬರೆಯುತ್ತಿದ್ದರು. ಇಲ್ಲದ ಪ್ರಾಂತ್ಯದ ಇಲ್ಲದ ನಕಾಶೆಗಾಗಿ ಇರುವ ನಾನು ಸಿಕ್ಕಿಹಾಕಿಕೊಂಡೆ.

“ಅದರ ಕಿಮ್ಮತ್ತು ತುಂಬತೇನ್ರಿ,” ಎಂದೆ.

“ಕಿಮ್ಮತ್ತು ತುಂಬಾಕ ಬರೂದಿಲ್ರಿ, ಅದಕ್ಕ ಮ್ಯಾಲಿನವರ ಮಂಜೂರಾತಿ ಬೇಕು. ಬರದ್ರ ಮೂರು ತಿಂಗಳು. ಅದಕ್ಕಿಂತ ಹುಡುಕೂದ ಲಗೂ ಆಗತೈತಿ.”

ದೇವರು ಕೊಟ್ಟರೂ ಪೂಜಾರಿ ಬಿಡ ಎಂದು ಗೊಣಗುತ್ತ ಹೊರಗೆ ಬಂದೆ. ಸಾಲೆಯ ಕಾರಕೂನ ವಯಸ್ಸಾದ ಮುಸಲ್ಮಾನ ಗೃಹಸ್ಥರು, ತಂತಿ ಕನ್ನಡಕ, ಯಾವಾಗಲೂ ಅಡಿಕೆ. ನನ್ನ ಮುಖ ನೋಡಿ ಕುರ್ಚಿ ಎಳೆದು ಕೊಟ್ಟರು. “ಕುಂದ್ರಿ ಬೆಹನ್‌ಜಿ. ನಾ ಮೂವತ್ತು ವರ್ಷ ಆತು ಈ ಕಾಗದಾ ನೋಡಾಕ ಹತ್ತಿ. ‘ಇಮ್ಮಿಡೇಟ್ಲಿ’ ಅಂದ್ರ ಎರಡು ತಿಂಗಳು. ‘ಅರ್ಜಂಟ್’ ಅಂದ್ರ ಒಂದು. ಏನೂ ಬರೀಲಿಲ್ಲ ಅಂದ್ರ ನೋಡ್ರಿ, ಅವತ್ತು ಖರೇನ ಹೆದರಬೇಕು.” ನನಗೆ ನಗು ಬರಲಿಲ್ಲ. ಪಾಪ, ಅವರು ಹೇಳಿದ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿತ್ತು.

ಆ ವಾರವೇ ಇನ್ನೊಂದು ಕೆಲಸ ಮಾಡಿದೆ. ಕಪಾಟಿನಲ್ಲಿ ಹೊದಿಕೆ ಹರಿದ ದೊಡ್ಡ ಇಂಗ್ಲಿಷ್ ಶಬ್ದಕೋಶವೊಂದಿತ್ತು, ರಜಿಸ್ಟರಿನಲ್ಲಿ ಹದಿನೆಂಟನೆಯ ಸಾಮಾನು. ಸಿಟ್ಟಿನಲ್ಲಿ ಅದನ್ನು ತೆಗೆದು ಆ ಮಾತಿನ ಮೂಲ ನೋಡಿದೆ. ಲ್ಯಾಟಿನ್ನಿನಲ್ಲಿ ‘ಮೆದಿಯುಸ್’ ಎಂದರೆ ನಡುವಿನದು. ನಮ್ಮ ‘ಮಧ್ಯ’ದ ಒಡಹುಟ್ಟು. ಅದಕ್ಕೆ ಮುಂದೆ ‘ಇಲ್ಲ’ ಎನ್ನುವ ಅಕ್ಷರ ಸೇರಿಸಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲದಿರುವುದು, ಇದು ಆ ಮಾತಿನ ಹುಟ್ಟಿದ ಅರ್ಥ. ಮೊದಲು ಅದನ್ನು ಒಂದಕ್ಕೊಂದು ತಾಗಿಕೊಂಡಿದ್ದಕ್ಕೆ ಹೇಳುತ್ತಿದ್ದರಂತೆ, ಕಾಲಕ್ಕೆ ಹೇಳಿದ್ದು ಆಮೇಲೆ. ಅದನ್ನು ಓದಿ ಕೋಶವನ್ನು ಮೇಜಿನ ಮೇಲೆ ಕುಕ್ಕಿದೆ. ನನಗೂ ನನ್ನ ಕೂಸಿಗೂ ನಡುವೆ ದೊಡ್ಡ ಅಕ್ಕೋರು, ಮುಂಬಯಿ ಇಲಾಖೆ, ಸವದತ್ತಿ, ಮುರಗೋಡ ಎಲ್ಲ ಇದ್ದವು.

ಇನ್ನೂ ಒಂದಷ್ಟು ಪುಟ ತಿರುವಿದೆ. ‘ಸೂನ್’ ಎಂಬ ಮಾತಿಗೂ ಒಂದು ಕಾಲಕ್ಕೆ ಈಗಿಂದೀಗಲೇ ಎಂಬ ಅರ್ಥವಿತ್ತು. ‘ಪ್ರೆಸೆಂಟ್ಲಿ’ಯದೂ ಅದೇ ಗತಿ, ಈಗ ಎನ್ನುತ್ತಿದ್ದದ್ದು ಹೋಗಿ ಸ್ವಲ್ಪ ಹೊತ್ತಿಗೆ ಎಂದಾಯಿತು. ಆ ದೇಶದ ಜನರೂ ನಮ್ಮ ಹಾಗೆಯೇ ‘ಇಕಾ ಬಂದೆ’ ಎಂದು ಹೇಳಿ ಇನ್ನೊಂದು ಚಹಾ ತರಿಸಿಕೊಂಡವರೇ ಇರಬೇಕು. ಜನ ಮೈಗಳ್ಳರಾದಾಗ ಪಾಪದ ಮಾತು ಏನು ಮಾಡೀತು? ಒಂದು ಮಾತು ಸವೆದರೆ ಹೊಸದೊಂದು ತರುತ್ತಾರೆ, ಅದನ್ನೂ ಸವೆಸುತ್ತಾರೆ.

ಆ ಶನಿವಾರ ಊರಿಗೆ ಹೋಗಲಿಲ್ಲ. ಸಾಲೆಯ ಅಟ್ಟ ಹತ್ತಿ ನಕಾಶೆ ಹುಡುಕಿದೆ. ಮುಂದಿನ ಶನಿವಾರವೂ ಹೋಗಲಿಲ್ಲ. ಪಕ್ಕದ ಗಂಡುಮಕ್ಕಳ ಸಾಲೆಗೆ ಹೋಗಿ, ನಮ್ಮದೇನಾದರೂ ಇಲ್ಲಿ ಬಂದಿದೆಯೇ ಎಂದು ಕೇಳಿದೆ. ಹಾಗೆ ಕೇಳಿದ್ದಕ್ಕೆ ಅಲ್ಲಿನ ಹೆಡ್‌ಮಾಸ್ತರರು ಮುಖ ಊದಿಸಿಕೊಂಡರು. ಒಂದೆರಡು ವಾರ ತಪ್ಪಿದರೂ ಪರವಾಗಿಲ್ಲ, ಮುಗಿಸಿಯೇ ಒಮ್ಮೆಲೇ ಹೋಗಿಬಿಡೋಣ, ಆಮೇಲೆ ದಿನಾಲೂ ಕೂಸಿನ ಸಂಗಡವೇ ಇರುತ್ತೇನಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಕಡೆಯ ತನಕ ಒಂದು ಶನಿವಾರವೂ ಊರಿಗೆ ಹೋಗಲಿಲ್ಲ. ಇಂದು ನೆನೆದರೆ ನನ್ನ ಮೇಲೆಯೇ ಎಲ್ಲಿಲ್ಲದ ಸಿಟ್ಟು ಬರುತ್ತದೆ.

ಬೈಲಹೊಂಗಲದ ಸಾಲೆಯಿಂದ ಪತ್ರ ಬಂತು: ಇನ್ನೂ ಯಾಕೆ ಬಂದಿಲ್ಲ, ‘ಇಮ್ಮೀಡಿಯಟ್ಲಿ’ ತಿಳಿಸಿರಿ. ಬೆಳಗಾವಿಯ ಶಿಕ್ಷಣ ಕಚೇರಿಯಿಂದ ಬಂತು: ವಿಳಂಬಕ್ಕೆ ಕಾರಣ ‘ಇಮ್ಮೀಡಿಯಟ್ಲಿ’ ವಿವರಿಸಿರಿ. ದೊಡ್ಡ ಅಕ್ಕೋರು ಎರಡನ್ನೂ ನನ್ನ ಕೈಯಲ್ಲಿ ಕೊಟ್ಟು, “ನಿಮ್ಮ ಇಂಗ್ಲಿಷ್ ಛಲೋ ಐತಿ, ನೀವ ಉತ್ತರಾ ಬರದು ಕೊಡ್ರಿ, ನಾ ಸಹಿ ಮಾಡತೇನಿ” ಎಂದರು. ನನ್ನನ್ನು ಯಾಕೆ ಬಿಟ್ಟಿಲ್ಲ ಎಂಬುದನ್ನು ನಾನೇ ಚಂದದ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ‘ಇಮ್ಮೀಡಿಯಟ್ಲಿ ಕಳಿಸಲಾಗುವುದು’ ಎಂದು ಮುಗಿಸಿದೆ.

ಐದನೆಯ ವಾರ ಬುದ್ಧಿ ಬಂದು ಮುನವಳ್ಳಿಗೆ ಹೋದೆ. ನಿವೃತ್ತ ಅಕ್ಕೋರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅರ್ಧ ಊರು ಅವರ ಕೈಯಲ್ಲಿ ಕಲಿತಿತ್ತು. ನನ್ನನ್ನು ನೋಡಿ ಹಿಗ್ಗಿದರು. ಕಾಲಿಗೆ ನೀರು, ಚಹಾ, ಚುರಮುರಿ, ಮಗನ ಸುದ್ದಿ, ಮಂಡಿನೋವಿನ ಸುದ್ದಿ. ನಕಾಶೆಯ ಮಾತು ಎತ್ತಿದರೆ ಕಳ್ಳತನ ಕೇಳಿದ ಹಾಗಾಗುತ್ತದೆಂದು ನಾನು ಒಂದು ತಾಸು ಬಾಯಿ ಬಿಡಲಿಲ್ಲ. ಆಮೇಲೆ ಅವರೇ, “ಬರ್ರಿ, ಮಾಳಗಿ ಮ್ಯಾಲ ಸಂಡಿಗಿ ಹಾಕೇನಿ, ತಿರುವಿ ಹಾಕೂಣು” ಎಂದು ಕರೆದರು.

ಮಾಳಿಗೆಯ ಮೇಲೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿಸಿಕೊಂಡು, ಮುಂಬಯಿ ಇಲಾಖೆ ಬೋರಲಾಗಿ ಬಿದ್ದಿತ್ತು. ಬೆನ್ನಿನ ಅರಿವೆಯ ತುಂಬ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಅಂಚು ಮಡಿಚಿದ ಕಡೆ ನೀಲಿ ಸಮುದ್ರ ಕಾಣುತ್ತಿತ್ತು.

“ಅಕ್ಕೋರ, ಇದು...”

“ಸಾಲ್ಯಾಗಿಂದರಿ. ಅಲ್ಲಿ ಇಲಿ ತಿಂತಿದ್ವು, ಯಾರೂ ಕೇಳವರಿರಲಿಲ್ಲ. ಅರಿವಿ ಭಾಳ ಗಟ್ಟಿ ಐತಿ ನೋಡ್ರಿ, ಮೂರು ವರ್ಷಾತು.”

ವಿಷಯ ಹೇಳಿದೆ. ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. “ಅಯ್ಯ, ನನ್ನ ಸಲುವಾಗಿ ಕೂಸಿನ್ನ ಬಿಟ್ಟು ಕುಂತೀರೇನ? ಒಯ್ರಿ, ಒಯ್ರಿ.” ಒಂದು ಗಳಿಗೆ ಬಿಟ್ಟು, ಸಂಡಿಗೆಯ ಕಡೆ ನೋಡಿ, ಮೆಲ್ಲಗೆ ಸೇರಿಸಿದರು: “ಇನ್ನ ಹಸೇ ಅದಾವು. ಈಗ ಎತ್ತಿದ್ರ ಮುದ್ದಿ ಆಗತಾವು. ಮೂರು ದಿನ ಬಿಸಲ ಬೀಳ್ಲಿ, ನಾನ ಕಳಸತೇನಿ.”

ಆ ಸಂಡಿಗೆಯನ್ನು ಎತ್ತಿ ಬೀದಿಗೆ ಎಸೆಯಬೇಕಿತ್ತು. ಎಸೆಯಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸಿದವರ ಸಂಡಿಗೆ. “ಆಗ್ಲಿ ಅಕ್ಕೋರ, ಅವಸರ ಇಲ್ರಿ” ಎಂದೆ. ನನ್ನ ಬಾಯಿಂದ ಆ ಮಾತು ಬಂತು! ಅವರು ಖುಷಿಯಾಗಿ, ಹೋದ ವರ್ಷದ ಒಣಗಿದ ಸಂಡಿಗೆಯನ್ನು ಒಂದು ಡಬ್ಬಿಯಲ್ಲಿ ತುಂಬಿ ಕೊಟ್ಟರು.

ಮೂರು ದಿನ ಅಂದದ್ದು ಎಂಟಾಯಿತು. ನಡುವೆ ಮೋಡ ಕವಿದಿತ್ತಂತೆ. ನಕಾಶೆ ಬಂದಾಗ ಅದಕ್ಕೆ ಜೀರಿಗೆಯ ವಾಸನೆ ಹತ್ತಿತ್ತು. ದೊಡ್ಡ ಅಕ್ಕೋರು ಅದನ್ನು ಬಿಚ್ಚಿ ನೋಡಿ, ಮೂಸಿ, ಏನೂ ಕೇಳದೆ ಹದಿನೇಳನೆಯ ಸಾಮಾನಿನ ಮುಂದೆ ಗುರುತು ಹಾಕಿದರು. ಹಾಕಿ, “ನಾಡದು ಅಮಾಸಿ. ಅಮಾಸಿ ಮುಂದ ಹೆಣ್ಣಮಗಳನ್ನ ಸಾಲಿಯಿಂದ ಹೊರಗ ಹಾಕಿದ ಪಾಪ ನನಗ ಬ್ಯಾಡ. ಅದು ದಾಟಿದ ಮ್ಯಾಲ ಹೋಗ್ರಿ” ಎಂದರು. ಅಮಾಸೆ ದಾಟಿದ ಮೇಲೆ ಇನ್‌ಸ್ಪೆಕ್ಷನ್ ಎಂದರು. ಅದೂ ದಾಟಿತು. ಕಡೆಯ ದಿನ ಮಾತ್ರ ಎಲ್ಲರೂ ಸೇರಿ ಅವಲಕ್ಕಿ, ಬಾಳೆಹಣ್ಣು ಕೊಟ್ಟು, ಉಡಿ ತುಂಬಿ ಕಳಿಸಿದರು. ದೊಡ್ಡ ಅಕ್ಕೋರು ನಿಜವಾಗಿಯೂ ಅತ್ತರು. ಇಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

ಬೈಲಹೊಂಗಲದಲ್ಲಿ ಇಳಿದು, ಹಮಾಲನ ತಲೆಯ ಮೇಲೆ ಟ್ರಂಕು ಹೊರಿಸಿ ಓಣಿಗೆ ಬಂದೆ. ಸಂಜೆ ನಾಲ್ಕರ ಬಿಸಿಲು. ಕಟ್ಟೆಯ ಮೇಲೆ ನೆರೆಮನೆಯ ಹುಡುಗಿಯರು ಸಾಲೆಯಾಟ ಆಡುತ್ತಿದ್ದರು. ನನ್ನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತು, ಕೈ ಜೋಡಿಸಿ, ರಾಗ ಎಳೆದು “ನಮಸ್ಕಾರ್ರೀ ಅಕ್ಕೋರ” ಎಂದರು. ಅವರ ಕೊನೆಯಲ್ಲಿ, ಲಂಗದ ಲಾಡಿ ಬಿಚ್ಚಿಕೊಂಡು ನಿಂತಿದ್ದ ನನ್ನ ಮಗಳೂ ಎರಡು ಕೈ ಜೋಡಿಸಿ, ಉಳಿದವರ ಮುಖ ನೋಡಿ, “ನಮಸ್ಕಾರ್ರೀ ಅಕ್ಕೋರ” ಎಂದಳು.

ನೆಗೆಣ್ಣಿ ಬಾಗಿಲಲ್ಲೇ ಹಣೆ ಬಡಿದುಕೊಂಡರು. “ಏ ಹುಚ್ಚಿ, ಅಕಿ ನಿಮ್ಮವ್ವ ಅದಾಳ!” ಕೂಸು ಗಾಬರಿಯಾಗಿ ಅವರ ಸೀರೆಯ ನೆರಿಗೆಯ ಹಿಂದೆ ಸರಿಯಿತು. ನಾನು ಹಮಾಲನಿಗೆ ಟ್ರಂಕು ಎಲ್ಲಿಡಬೇಕೆಂದು ತೋರಿಸುತ್ತಿದ್ದೆ. ತುಂಬ ಹೊತ್ತು ಅದನ್ನೇ ತೋರಿಸುತ್ತಿದ್ದೆ.

ಕೂಸು ನನ್ನ ಕೈಯಿಂದ ಊಟ ಮಾಡಲು ಯುಗಾದಿ ದಾಟಬೇಕಾಯಿತು. ಪಂಚಮಿಯಲ್ಲಿ ಜೋಕಾಲಿಯಿಂದ ಬಿದ್ದು “ಅವ್ವಾ” ಎಂದು ಕಿರುಚಿದಾಗ ನಾನೂ ನೆಗೆಣ್ಣಿಯೂ ಒಟ್ಟಿಗೇ ಓಡಿದೆವು. ಅವಳು ನೆಗೆಣ್ಣಿಯ ತೋಳಿಗೇ ಹೋದಳು. ಮುಂದೆ ಎಲ್ಲ ಸರಿಹೋಯಿತು, ಇಂದು ಅವಳಿಗೆ ಇದೊಂದೂ ನೆನಪಿಲ್ಲ. ನನಗೆ ನೆನಪಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪೆಲ್ಲ ಇನ್ನೊಬ್ಬರದೇ ಆಗುತ್ತಿತ್ತು, ನನಗೂ ಸುಖ. ಆದರೆ ಆ ದಶಕ ಮುಗಿಯುವ ಹೊತ್ತಿಗೆ ನಾನು ಕಿತ್ತೂರಿನ ಒಂದು ಸಾಲೆಯಲ್ಲಿ ಹಂಗಾಮಿ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಮಗಳು ಸಂಗಡವೇ ಇದ್ದಳು. ಒಂದು ದಿನ ನಮ್ಮ ಹೊಲಿಗೆ ಕಲಿಸುವ ಹುಡುಗಿ ಆರ್ಡರು ಹಿಡಿದು ಬಂದಳು. ಸೇರಿ ನಾಲ್ಕು ತಿಂಗಳೂ ಆಗಿರಲಿಲ್ಲ, ಕಡಿಮೆ ಮಾತಿನವಳು. ಸವದತ್ತಿಗೆ ವರ್ಗ, ‘ಇಮ್ಮೀಡಿಯಟ್ಲಿ’ ಬಿಡತಕ್ಕದ್ದು. ನಾನು ಕನ್ನಡಕ ಒರೆಸಿ ಹಾಕಿಕೊಂಡೆ.

“ಭಾಳ ಛಲೋ ಆತು. ಚಾರ್ಜ್ ಕೊಟ್ಟು ಹೋಗವ್ವಾ.”

ನಾನೇ ಹೇಳಿದ್ದು. ಅವಳ ಕಪಾಟಿನಲ್ಲಿ ಎರಡು ಕತ್ತರಿ ಕಡಿಮೆ ಬಿದ್ದವು. ಅವಳೂ ಎಣಿಸದೇ ಸಹಿ ಹಾಕಿದ್ದಳು, ನಮ್ಮ ಮರ್ಯಾದೆಯ ಪ್ರಕಾರ. ಕತ್ತರಿ ತಾನೇ, ಬಿಟ್ಟುಬಿಡಬಹುದಿತ್ತು. ಆದರೆ ನಾಳೆ ನಾನು ಹೋಗುವಾಗ ಆ ಕತ್ತರಿ ನನ್ನ ತಲೆಗೆ ಬರುತ್ತದಲ್ಲ ಎಂದು ಹೆದರಿದೆ. ಹುಡುಕು ಎಂದೆ. ಹನ್ನೆರಡು ದಿನ ಹುಡುಕಿದಳು. ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ಉಣ್ಣೆ ಹೆಣೆಯುತ್ತಿದ್ದಳು. “ಹೆಣಿಯೂದು ಬಿಟ್ಟು ಕತ್ತರಿ ಹುಡುಕಿದ್ರ ಲಗೂ ಹೋದಿ” ಎಂದು ಒಂದು ಸಲ ಗದರಿಸಿದ್ದೂ ಉಂಟು.

ಹದಿಮೂರನೆಯ ದಿನ ಕತ್ತರಿಗಳು ಸಾಲೆಯ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಿದ್ದ ಅಡುಗೆಯವಳ ಗಂಟಿನಲ್ಲಿ ಸಿಕ್ಕವು. ಬಿಡುಗಡೆಯ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದೆ. ಅವಳ ಚೀಲದ ಬಾಯಿಂದ ಆ ಉಣ್ಣೆಯದು ಹೊರಗೆ ಇಣುಕುತ್ತಿತ್ತು. ಒಂದು ಗೇಣಿನಷ್ಟು, ಕೆಂಪು ಕುಲಾಯಿ.

“ಯಾರಿಗವ್ವಾ ಇದು?”

“ನಮ್ಮ ಕೂಸಿಗ್ರಿ ಅಕ್ಕೋರ. ಸವದತ್ತ್ಯಾಗ ನಮ್ಮತ್ತಿ ಹಂತ್ಯಾಕ ಐತಿ. ಹತ್ತು ತಿಂಗಳದೈತ್ರಿ.” ಕುಲಾಯಿಯನ್ನು ಒಳಗೆ ತುರುಕುತ್ತ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಹೇಳಿದಳು: “ಎರಡು ಸಲ ಬಿಚ್ಚಿ ದೊಡ್ಡದು ಮಾಡೀನ್ರಿ. ಹೋಗೂದ್ರಾಗ ತಲಿ ಇನ್ನೂ ಬೆಳದಿರತೈತಿ.”

ಸೇರಿದಾಗಿನಿಂದ ಅವಳನ್ನು ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಸಹಿ ಹಾಕಿದೆ. ಪತ್ರ ಮಡಿಚಿ ಅವಳ ಕೈಯಲ್ಲಿಟ್ಟೆ.

“ಓಡವ್ವಾ,” ಎಂದೆ, “ಬಸ್ ನಿಂತಿರತೈತಿ.”